ಜೋಡಿಬಾಗಿಲಿನ ಎಡಗಿಂಡಿ

ಏಣಿಯ ಕೊನೆಯ ಮೆಟ್ಟಿಲು ಬಿಟ್ಟು ನೆಲಕ್ಕೆ ಕಾಲಿಟ್ಟದ್ದೇ ತಡ, ಇನ್‌ಸ್ಪೆಕ್ಟರಮ್ಮನ ಎಡಗಾಲಿನ ಬೂಟು ಗೇಣುದ್ದ ಕೆಸರಿನಲ್ಲಿ ಹೂತುಕೊಂಡಿತು.

"ಮೇಡಮ್, ಸಿಕ್ಕಿಹಾಕ್ಕೊಂಡ್ರಾ?" ಮೇಲಿನಿಂದ ಕಾನ್‌ಸ್ಟೇಬಲ್ ಉದ್ದಣ್ಣ ಬಗ್ಗಿ ಕೇಳಿದ. ಆರಡಿ ಮೂರಂಗುಲದ ಆಳು. ಬಗ್ಗಿದರೂ ನಿಂತ ಹಾಗೆಯೇ ಕಾಣುತ್ತಿದ್ದ.

"ಬೂಟು ಸಿಕ್ಕಿಹಾಕ್ಕೊಂಡಿದೆ. ನಾನಿನ್ನೂ ಇಲ್ಲ. ಟಾರ್ಚ್ ಇಳಿಸು."

ಟಾರ್ಚು ಹಗ್ಗದ ತುದಿಯಲ್ಲಿ ತೂಗಾಡುತ್ತ ಇಳಿಯಿತು. ಬೆಳಗಿನ ಒಂಬತ್ತು ಗಂಟೆಯ ಬಿಸಿಲು ಮೇಲಿನ ಅಂಚನ್ನಷ್ಟೇ ಸವರುತ್ತಿತ್ತು. ತನಿಖೆಗೆಂದು ನೀರು ಬತ್ತಿಸಿದ್ದ ತಳದಲ್ಲಿ ನೆರಳು, ತಣ್ಣಗಿನ ಪಾಚಿಯ ವಾಸನೆ. ಎರಡೂ ಪಕ್ಕದಲ್ಲಿ ಮೂರಾಳೆತ್ತರದ ಕಲ್ಲುಗೋಡೆ, ಹಿಂದೆ ಒಂದು ಜೊತೆ ಮರದ ಬಾಗಿಲು, ಮುಂದೆ ಇನ್ನೊಂದು ಜೊತೆ. ಊರಿನವರು ಇದನ್ನು ಜೋಡಿಬಾಗಿಲು ಎನ್ನುತ್ತಿದ್ದದ್ದು ಅದಕ್ಕೇ.

ನದಿ ಇಲ್ಲಿ ಒಮ್ಮೆಲೇ ಎರಡಾಳು ಕೆಳಗಿಳಿಯುತ್ತದೆ. ದೋಣಿಗಳು ಧುಮುಕಿ ಒಡೆಯಬಾರದೆಂದು ಇನ್ನೂರು ವರ್ಷದ ಹಿಂದೆ ಈ ಕಲ್ಲಿನ ತೊಟ್ಟಿ ಕಟ್ಟಿದ್ದರು. ದೋಣಿ ಒಳಗೆ ಬಂದರೆ ಹಿಂದಿನ ಬಾಗಿಲು ಮುಚ್ಚುವುದು, ಮುಂದಿನ ಬಾಗಿಲಿನ ಬುಡದ ಎರಡು ಕಿಂಡಿಗಳಿಂದ ನೀರನ್ನು ಮೆಲ್ಲಗೆ ಬಿಡುವುದು. ನೀರು ಇಳಿದಂತೆ ದೋಣಿಯೂ, ಮಗುವನ್ನು ತೊಟ್ಟಿಲಿಗೆ ಇಳಿಸಿದಷ್ಟು ನಯವಾಗಿ, ಕೆಳಗಿನ ನದಿಯ ಮಟ್ಟಕ್ಕೆ ಇಳಿಯುತ್ತಿತ್ತು.

ನಾಲ್ಕು ದಿನದ ಹಿಂದೆ ಹಾಗಾಗಲಿಲ್ಲ. ಎಡಗಿಂಡಿಯ ಹಲಗೆ ಒಂದೇ ಏಟಿಗೆ ಪೂರ್ತಿ ಎದ್ದು, ತೊಟ್ಟಿಯ ನೀರೆಲ್ಲ ಭರ್ರನೆ ನುಗ್ಗಿ, ದೋಣಿ ಹಗ್ಗ ಕಿತ್ತುಕೊಂಡು ತಿರುಗಿತ್ತು. ಅದರ ಮೂತಿಯ ಮೇಲೆ ನಿಂತು ಅಳತೆ ಬರೆದುಕೊಳ್ಳುತ್ತಿದ್ದ ಸರ್ವೆ ಮೇಷ್ಟ್ರು ದೋಣಿಗೂ ಗೋಡೆಗೂ ನಡುವೆ ಬಿದ್ದು ಸತ್ತರು. ಕಿಂಡಿಯ ಕೀಲು ಸವೆದು ಮುರಿದು ಹಲಗೆ ತಾನಾಗಿ ತೆರೆದುಕೊಂಡಿತು ಎಂದು ಇಲಾಖೆಯ ವರದಿ. ಹೌದು, ಕೀಲು ನೋಡಿಕೊಳ್ಳದ ತಪ್ಪು ನನ್ನದೇ ಎಂದು ಬಾಗಿಲು ಕಾಯುವ ಬಾಗಿಲಯ್ಯನವರ ಸಹಿ.

ಇನ್‌ಸ್ಪೆಕ್ಟರಮ್ಮ ಟಾರ್ಚನ್ನು ಗೋಡೆಗೆ ಹಿಡಿದಳು. ಕಲ್ಲಿಗೂ ಕಲ್ಲಿಗೂ ನಡುವೆ ಉಗುರು ತೂರಿಸಲು ನೋಡಿದಳು. ತೂರಲಿಲ್ಲ. ಒಂದು ಕಲ್ಲಿನ ಮೂಲೆಯಲ್ಲಿ ಪುಟ್ಟ ಬಾಚಣಿಗೆಯ ಗುರುತು ಕೆತ್ತಿತ್ತು. ಪಕ್ಕದ್ದರಲ್ಲಿ ಮೀನು. ಅದರಾಚೆ ಕುಡುಗೋಲು.

"ಅದು ಕಲ್ಲುಕುಟಿಗರ ಗುರುತು ಮೇಡಮ್," ಮೇಲಿನಿಂದ ಹೆಣ್ಣುದನಿ ಬಂತು. ಬಾಗಿಲಯ್ಯನವರ ಮಗಳು. ಇಪ್ಪತ್ತಾರರ ಹುಡುಗಿ, ಹಿತ್ತಾಳೆ ಗುಂಡಿಯ ನೀಲಿ ಕೋಟು. ಊರು ಅವಳಿಗಿಟ್ಟ ಹೆಸರು ಚಿಕ್ಕಬಾಗಿಲು. "ಯಾರು ಯಾವ ಕಲ್ಲು ಕೆತ್ತಿದ್ರೋ ಅವರವರ ಗುರುತು. ಬಾಚಣಿಗೆಯವನದ್ದು ನಲವತ್ತೊಂದು ಕಲ್ಲಿದೆ. ಒಂದೂ ಅಲ್ಲಾಡಿಲ್ಲ."

"ಇಷ್ಟು ಕೆಳಗೆ, ನೀರೊಳಗೆ ಯಾಕೆ ಹಾಕಿದ? ಯಾರು ನೋಡಬೇಕು?"

"ನೀರು ನೋಡುತ್ತಲ್ಲ ಮೇಡಮ್."

ಇನ್‌ಸ್ಪೆಕ್ಟರಮ್ಮ ಒಂದು ಗಳಿಗೆ ಬಾಚಣಿಗೆಯ ಮೇಲೆ ಬೆರಳಿಟ್ಟುಕೊಂಡೇ ನಿಂತಳು. ತನ್ನ ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಹೀಗೆ ಗುರುತು ಹಾಕಬಹುದಾದ ಕೇಸುಗಳು ಎಷ್ಟಿವೆ ಎಂದು ಮನಸ್ಸಿನಲ್ಲೇ ಎಣಿಸಿದಳು. ಐದಾರು ಸಿಕ್ಕವು. ಪರವಾಗಿಲ್ಲ ಅನ್ನಿಸಿತು.

ಆಮೇಲೆ ಕೆಸರು ತುಳಿಯುತ್ತ ಎಡಗಿಂಡಿಯ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತಳು.

ಕಿಂಡಿಗೆ ಅಡ್ಡ ಮುಚ್ಚಿದ್ದು ಕಬ್ಬಿಣದ ಪಟ್ಟಿ ಹೊಡೆದ ದಪ್ಪ ಮರದ ಹಲಗೆ. ಅದರ ನೆತ್ತಿಯಿಂದ ಒಂದು ಹಲ್ಲುಪಟ್ಟಿ ಬಾಗಿಲಿನ ಮೇಲ್ತುದಿಯವರೆಗೆ ಹೋಗಿತ್ತು. ಮೇಲೆ ಹಿಡಿಕೆ ತಿರುಗಿಸಿದರೆ ಹಲ್ಲುಪಟ್ಟಿ ಏರಿ ಹಲಗೆಯನ್ನು ಎತ್ತುತ್ತದೆ. ಒಂದೊಂದು ಹಲ್ಲಿಗೂ ಒಂದು ಕೊಕ್ಕೆ ಬಿದ್ದು ಹಿಡಿದುಕೊಳ್ಳುತ್ತದೆ. ಆ ಕೊಕ್ಕೆಯನ್ನು ಹಿಡಿದಿದ್ದ ಕೀಲೇ ಮುರಿದದ್ದು.

ಆಕೆ ಹಲಗೆಯ ಕೆಳಗೆ ಎರಡೂ ಕೈ ಕೊಟ್ಟು ಎತ್ತಿದಳು. ಮಿಸುಕಲಿಲ್ಲ. ಭುಜ ಕೊಟ್ಟು ಎತ್ತಿದಳು. ಟೋಪಿ ಕೆಸರಿಗೆ ಬಿತ್ತೇ ಹೊರತು ಹಲಗೆ ಏಳಲಿಲ್ಲ.

"ಉದ್ದಣ್ಣ, ಇಳಿ."

ಅವನೂ ಇಳಿದ. ಇಬ್ಬರೂ ಸೇರಿ ಎತ್ತಿದರು. ನಾಲ್ಕು ಬೆರಳು ಎದ್ದಿತು. ಉದ್ದಣ್ಣನ ಕತ್ತಿನ ನರ ಹಗ್ಗದಷ್ಟಾಯಿತು. ಬಿಟ್ಟದ್ದೇ ಹಲಗೆ ದಡ್ಡನೆ ಕೆಳಗೆ ಕೂತಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮೇಡಮ್," ಉದ್ದಣ್ಣ ನಿಧಾನವಾಗಿ ಹೇಳಿದ, "ಕೀಲು ಮುರಿದ್ರೆ ಇದು ಬೀಳಬೇಕಲ್ವಾ? ಏಳೋದು ಹೆಂಗೆ?"

"ಅದನ್ನೇ ನಾನೂ ಕೇಳ್ಕೊಳ್ತಿದ್ದೀನಿ. ನಾಲ್ಕು ದಿನ ತಡವಾಗಿ."

*

ಅವರು ಮೇಲೆ ಬರುವಷ್ಟರಲ್ಲಿ ಇಲಾಖೆಯ ಎಂಜಿನಿಯರು ಬಂದು ನಿಂತಿದ್ದರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಕಂಕುಳಲ್ಲಿ ಫೈಲು. ಪೊಲೀಸರು ಕಟ್ಟಿದ ಹಗ್ಗದಾಚೆ ನದೀಹಾದಿಯಲ್ಲಿ ದಿನಾ ನಡೆಯುವ ಹತ್ತು ಹನ್ನೆರಡು ಜನ ಗುಂಪುಕಟ್ಟಿದ್ದರು. ರಿಟೈರಾದ ಪೋಸ್ಟ್‌ಮ್ಯಾನ್, ಇಬ್ಬರು ನರ್ಸುಗಳು, ಊರುಗೋಲಿನ ಅಜ್ಜಿಯೊಬ್ಬರು.

"ನಿಮ್ಮ ತನಿಖೆ ಇವತ್ತಿಗೆ ಮುಗಿದರೆ ಒಳ್ಳೇದು," ಎಂದರು ಎಂಜಿನಿಯರು. "ನಾಳೆ ಮಧ್ಯಾಹ್ನ ತೊಟ್ಟಿಗೆ ಕಾಂಕ್ರೀಟ್ ತುಂಬೋ ಆರ್ಡರ್ ಇದೆ. ಹಳೇ ಮಾಲು. ಇನ್ನೊಬ್ಬರು ಸಾಯೋ ತನಕ ಕಾಯಕ್ಕಾಗಲ್ಲ."

ಊರುಗೋಲಿನ ಅಜ್ಜಿ ಹಗ್ಗದಾಚೆಯಿಂದಲೇ ಕೇಳಿದರು. "ನಾನೂ ಹಳೇ ಮಾಲೇ. ನನ್ನೊಳಗೂ ತುಂಬಿಸ್ತೀರೇನಪ್ಪ?"

ಗುಂಪು ನಕ್ಕಿತು. ಎಂಜಿನಿಯರು ನಗಲಿಲ್ಲ.

"ಒಂದು ಐದು ನಿಮಿಷ ಇರಿ ಸರ್," ಎಂದಳು ಇನ್‌ಸ್ಪೆಕ್ಟರಮ್ಮ. "ನಿಮ್ಮ ವರದೀಲಿ ಬರೆದಿದ್ದನ್ನ ಕಣ್ಣಾರೆ ನೋಡೋಣ."

ಮುರಿದ ಕೀಲಿನ ಜಾಗಕ್ಕೆ ಮರದ ಗೂಟವೊಂದನ್ನು ಕೆತ್ತಿ ಕೂರಿಸಿದರು. ಚಿಕ್ಕಬಾಗಿಲು ಹಿಡಿಕೆ ತಂದು ಸಿಕ್ಕಿಸಿ, ಕೋಟಿನ ತೋಳು ಮಡಚಿದಳು. ಹಗ್ಗದಾಚೆಯ ಜನ ಮುಂದಕ್ಕೆ ಬಾಗಿದರು. ಟಕ್. ಟಕ್. ಟಕ್. ಮೂರು ಹಲ್ಲು ಎತ್ತಿ ಅವಳು ನಿಲ್ಲಿಸಿದಳು.

"ಯಾಕೆ ನಿಲ್ಲಿಸಿದೆ?"

"ಮೂರಕ್ಕೆ ನಿಲ್ಲಿಸಬೇಕು. ನೀರಿನ ಮುಖ ನೋಡಬೇಕು. ಅದು ಸಮಾಧಾನ ಆದಮೇಲೆ ಇನ್ನು ಮೂರು." ಒಣಗಿದ ತೊಟ್ಟಿಯತ್ತ ನೋಡಿ ಅವಳೇ ಸ್ವಲ್ಪ ನಾಚಿದಳು. "ನೀರಿಲ್ಲ, ಗೊತ್ತು. ಆದ್ರೆ ಕೈ ಕೇಳಲ್ಲ."

"ಇವತ್ತು ಪೂರ್ತಿ ಎತ್ತು."

ಹನ್ನೊಂದನೆಯ ಹಲ್ಲಿಗೆ ಹಲಗೆ ಪೂರ್ತಿ ಮೇಲೇರಿತು. ಇನ್‌ಸ್ಪೆಕ್ಟರಮ್ಮ ಉದ್ದಣ್ಣನಿಗೆ ಕಣ್ಸನ್ನೆ ಮಾಡಿದಳು. ಅವನು ಸುತ್ತಿಗೆ ಬೀಸಿ ಗೂಟ ಹಾರಿಸಿದ.

ಹಲಗೆ ಗುಡುಗಿನಂತೆ ಕೆಳಗೆ ಬಿತ್ತು. ಕಾಲಡಿಯ ಕಲ್ಲು ಅದುರಿತು. ಸದ್ದು ತಣಿದಾಗ ಪೋಸ್ಟ್‌ಮ್ಯಾನ್ ಬಗ್ಗಿ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದರು. "ಮುಚ್ಚಿಕೊಂಡಿತು."

"ಕೀಲು ಮುರಿದ್ರೆ ಕಿಂಡಿ ಮುಚ್ಚುತ್ತೆ ಸರ್," ಎಂದಳು ಇನ್‌ಸ್ಪೆಕ್ಟರಮ್ಮ. "ನಿಮ್ಮ ವರದೀಲಿ ತೆರೆದಿದೆ."

ಎಂಜಿನಿಯರ ಮುಖದ ಬಣ್ಣ ಒಂದು ಸುತ್ತು ಇಳಿಯಿತು. "ನೀರಿನ ಒತ್ತಡಕ್ಕೆ ಮೇಲೆ..."

"ನೀರು ಹಲಗೇನ ಬಾಗಿಲಿಗೆ ಒತ್ತುತ್ತೆ ಸರ್, ಎತ್ತಲ್ಲ," ಚಿಕ್ಕಬಾಗಿಲು ಹೇಳಿದಳು. ದನಿಯಲ್ಲಿ ಕೊಂಕಿರಲಿಲ್ಲ. ತನ್ನ ಮನೆಯ ಅಡಿಗೆಕೋಣೆ ಎಲ್ಲಿದೆ ಎಂದು ಹೇಳುವ ಹಾಗಿತ್ತು. "ತೊಟ್ಟಿ ತುಂಬಿದ್ದಾಗ ಎತ್ತೋದು ಎರಡರಷ್ಟು ಕಷ್ಟ. ಯಾರಾದ್ರೂ ಹಿಡಿಕೆ ಹಾಕಿ ತಿರುಗಿಸಲೇಬೇಕು."

ಇನ್‌ಸ್ಪೆಕ್ಟರಮ್ಮ ಜೇಬಿನಿಂದ ಲಕೋಟೆ ತೆಗೆದು, ಮುರಿದ ಕೀಲನ್ನು ಅಂಗೈಗೆ ಸುರಿದುಕೊಂಡಳು. ಹೊರಮೈಯೆಲ್ಲ ತುಕ್ಕು. ಮುರಿದ ಮುಖದಲ್ಲಿ ಮುಕ್ಕಾಲು ಭಾಗ ಮಟ್ಟಸ, ಕೂದಲೆಳೆಯಂಥ ಸಮಗೆರೆಗಳು. ಕಾಲು ಭಾಗ ಮಾತ್ರ ಹರಿದ ಹಾಗೆ ಒರಟು.

"ಇದನ್ನ ನೋಡಿ. ಗರಗಸದಲ್ಲಿ ಕುಯ್ದು ಕೊನೇಲಿ ಮುರಿದಿದ್ದಾರೆ. ನೀವು ಇದನ್ನ ಸವೆತ ಅಂತ ಬರೆದ್ರಿ."

ಎಂಜಿನಿಯರು ಕರವಸ್ತ್ರ ತೆಗೆದರು. ಹಣೆ ಒರೆಸಿಕೊಂಡರು. ದನಿ ಚಿಕ್ಕದಾಗಿತ್ತು. "ನೋಡಿ ಮೇಡಮ್, ನಾನು ರಸ್ತೆ ಎಂಜಿನಿಯರು. ಈ ನೀರಿನ ಕೆಲಸ ನನಗೆ ಬಂದು ಆರು ತಿಂಗಳಾಯ್ತು. ಮಾರನೇ ದಿನ ಬೆಳಗ್ಗೆ ಬಂದಾಗ ಕೀಲು ಮುರಿದು ಕೆಳಗೆ ಬಿದ್ದಿತ್ತು. ಬಾಗಿಲಯ್ಯನವರನ್ನ ಕೇಳಿದೆ, ಇದು ಮುರಿದ್ರೆ ಕಿಂಡಿ ತೆರೆಯುತ್ತಾ ಅಂತ. ತೆರೆಯುತ್ತೆ, ತಪ್ಪು ನನ್ನದೇ ಅಂದ್ರು. ನಲವತ್ತು ವರ್ಷ ಇದನ್ನ ಕಾದವರು ಹೇಳಿದ ಮೇಲೆ ನಾನೇನು ಅನುಮಾನ ಪಡ್ಲಿ?"

ಚಿಕ್ಕಬಾಗಿಲು ಹಿಡಿಕೆಯನ್ನು ಕೈಯಲ್ಲಿ ಹಿಡಿದು ನಿಂತುಬಿಟ್ಟಳು. "ಅಪ್ಪ ಹಾಗಂದ್ರಾ?" ಎಂದಳು. "ತೆರೆಯುತ್ತೆ ಅಂತ? ಅಪ್ಪ?"

ಇನ್‌ಸ್ಪೆಕ್ಟರಮ್ಮನಿಗೆ ಉತ್ತರ ಬೇಕಾಗಿರಲಿಲ್ಲ. ಆ ಹುಡುಗಿಯ ಮುಖವೇ ಸಾಕಿತ್ತು.

*

ಬಾಗಿಲಯ್ಯನವರ ಮನೆ ನದೀಹಾದಿಯಲ್ಲಿ ಮುನ್ನೂರು ಹೆಜ್ಜೆ. ದೋಣಿಗಳಿಗೆ ಎಂಜಿನ್ ಬರುವ ಮೊದಲು ಆಳುಗಳು ಹಗ್ಗ ಹೆಗಲಿಗೆ ಹಾಕಿಕೊಂಡು ದೋಣಿ ಎಳೆಯುತ್ತಿದ್ದ ಹಾದಿ ಅದು. ಕಮಾನು ಸೇತುವೆಯ ಮೂಲೆಗಲ್ಲಿನಲ್ಲಿ ವರ್ಷಗಟ್ಟಲೆ ಉಜ್ಜಿದ ಹಗ್ಗ ಹೆಬ್ಬೆರಳು ಕೂರುವಷ್ಟು ಆಳದ ಗೀರುಗಳನ್ನು ಬಿಟ್ಟಿತ್ತು. ದಿನಾ ನಡೆಯುವವರು ಹೋಗುತ್ತ ಬರುತ್ತ ಅವನ್ನು ಮುಟ್ಟದೆ ಮುಂದೆ ಹೋಗುತ್ತಿರಲಿಲ್ಲ. ಇನ್‌ಸ್ಪೆಕ್ಟರಮ್ಮನೂ ಮುಟ್ಟಿದಳು.

"ಆವತ್ತು ಬೆಳಗ್ಗೆ ಹತ್ತಕ್ಕೆ ನೀನೆಲ್ಲಿದ್ದೆ?" ನಡೆಯುತ್ತಲೇ ಕೇಳಿದಳು.

"ಮೂರನೇ ಮೈಲಿಗಲ್ಲಿನ ಹತ್ರ. ಒಂಬತ್ತು ಜನಕ್ಕೆ ಹಾದಿ ತೋರಿಸ್ತಿದ್ದೆ. ಅವರಲ್ಲೊಬ್ರು ಫೋಟೋ ತೆಗೆದಿದ್ದಾರೆ, ಕಲ್ಲಿನ ಪಕ್ಕ ನಾನಿದ್ದೀನಿ. ನಿಮ್ಮ ಉದ್ದಣ್ಣನವರು ಅವತ್ತೇ ಬರ್ಕೊಂಡ್ರು."

"ನಿಮ್ಮಪ್ಪನಿಗೆ ಇದು ಗೊತ್ತಾ?"

ಅವಳು ಯೋಚಿಸಿದಳು. "ಅಪ್ಪ ನನ್ನ ಕೇಳಲೇ ಇಲ್ಲ ಮೇಡಮ್. ಆವತ್ತಿಂದ ಮುಖ ಕೊಟ್ಟು ಮಾತೇ ಆಡಿಲ್ಲ. ದುಃಖದಲ್ಲಿದ್ದಾರೆ ಅಂದ್ಕೊಂಡೆ."

"ನೀನು ಬಾಗಿಲ ಹೊರಗೆ ನಿಂತಿರು. ನಾನು ಕರೆದಾಗ ಬಾ."

ಒಳಗೆ ಒಂದೇ ದೊಡ್ಡ ಕೋಣೆ. ಒಂದು ಗೋಡೆಯುದ್ದಕ್ಕೂ ದಿನದಿನದ ನೀರಿನ ಮಟ್ಟ ಬರೆದಿಟ್ಟ ದಪ್ಪ ಪುಸ್ತಕಗಳು, ಮೂರು ತಲೆಮಾರಿನ ಕೈಬರಹ. ಇನ್ನೊಂದರಲ್ಲಿ ಕೋಟು ತೂಗುಹಾಕುವ ಗೂಟ, ಖಾಲಿ. ಅಮಾನತಿನ ಕಾಗದ ಬಂದ ದಿನವೇ ಕೋಟು ವಾಪಸು ಕೊಟ್ಟಿದ್ದರು. ಬನಿಯನ್ನಿನಲ್ಲಿ ಕೂತಿದ್ದ ಬಾಗಿಲಯ್ಯನವರು ಇನ್‌ಸ್ಪೆಕ್ಟರಮ್ಮ ಅಂದುಕೊಂಡದ್ದಕ್ಕಿಂತ ಸಣ್ಣ ಆಳು. ಕೈ ಮಾತ್ರ ದೊಡ್ಡದು. ಹರಿದ ಹಗ್ಗದ ಎಳೆಗಳನ್ನು ಒಂದಕ್ಕೊಂದು ಹೆಣೆಯುತ್ತ ತಲೆಯೆತ್ತದೆ ಹೇಳಿದರು. "ಕೂತ್ಕೊಳ್ಳಿ. ಹೇಳೋದೆಲ್ಲ ಬರೆದು ಕೊಟ್ಟಿದ್ದೀನಿ."

"ಓದಿದೆ. ಅದರಲ್ಲಿ ಒಂದು ಸುಳ್ಳಿದೆ."

ಹೆಣೆಯುವ ಬೆರಳು ನಿಲ್ಲಲಿಲ್ಲ.

"ಕೀಲು ಮುರಿದ್ರೆ ಕಿಂಡಿ ತೆರೆಯುತ್ತೆ ಅಂತ ಬರೆದಿದ್ದೀರಿ. ಈಗ ಹತ್ತು ಹನ್ನೆರಡು ಜನದ ಮುಂದೆ ಮುರಿದು ನೋಡಿ ಬಂದೆ. ಮುಚ್ಚಿಕೊಳ್ತು. ಆ ಸದ್ದು ನಿಮಗೆ ಇಲ್ಲಿಗೆ ಕೇಳಿಸಿರಬೇಕು."

"ಕೇಳಿಸ್ತು." ಬೆರಳು ಈಗ ನಿಂತಿತು. "ಎಡಗಿಂಡಿ ಅಂತಾನೂ ಗೊತ್ತಾಯ್ತು. ಬಲದ್ದು ಇಷ್ಟು ಗಡಸಾಗಿ ಬೀಳಲ್ಲ."

"ನಿಮ್ಮ ತಾತ, ನಿಮ್ಮಪ್ಪ, ನೀವು. ನೂರಾ ಹತ್ತು ವರ್ಷ. ಒಂದೇ ಒಂದು ದೋಣಿಗೆ ಗೀರು ಬಿದ್ದಿಲ್ಲ ಅಂತ ಊರೆಲ್ಲ ಹೇಳುತ್ತೆ. ಅಂಥ ಹೆಸರನ್ನ ಒಂದು ಸಹೀಲಿ ತೊಳೆದುಬಿಟ್ರಿ. ನಾಳೆ ಅದರ ಮೇಲೆ ಕಾಂಕ್ರೀಟೂ ಬೀಳುತ್ತೆ. ಇಷ್ಟೆಲ್ಲ ಯಾರಿಗೋಸ್ಕರ?"

"ಯಾರಿಗೂ ಇಲ್ಲ."

"ನಿಮ್ಮ ಮಗಳಿಗೋಸ್ಕರ."

ಅವರು ತಲೆಯೆತ್ತಿದರು. ಕಣ್ಣು ಕೆಂಪಾಗಿತ್ತು, ಆದರೆ ನೋಟ ತಗ್ಗಲಿಲ್ಲ. "ಅವಳ ಹೆಸರು ಎತ್ತಬೇಡಿ."

"ಏನು ನೋಡಿದ್ರಿ ಆವತ್ತು?"

ಕಿಟಕಿಯಾಚೆ ನದಿ ಹರಿಯುವ ಸದ್ದು ಮಾತ್ರ. ಇನ್‌ಸ್ಪೆಕ್ಟರಮ್ಮ ಕಾದಳು. ನೀರಿನ ಜೊತೆ ಬದುಕಿದವರನ್ನು ಅವಸರ ಮಾಡಿಸಿ ಉಪಯೋಗವಿಲ್ಲ ಎಂಬುದನ್ನು ಆಕೆ ಅಂದು ಬೆಳಗ್ಗೆಯೇ ಕಲಿತಿದ್ದಳು.

"ನಾನು ಮೇಲಿನ ಬಾಗಿಲಲ್ಲಿದ್ದೆ," ಕೊನೆಗೂ ಬಾಗಿಲಯ್ಯ ಹೇಳಿದರು. "ಬಾಗಿಲು ಮುಚ್ಚಿ ಚಿಲಕ ಹಾಕ್ತಿದ್ದೆ. ಕೆಳಗಿನ ಬಾಗಿಲಿನ ಹತ್ರ ನೀಲಿ ಕೋಟು ಕಾಣಿಸ್ತು. ಬೆನ್ನು ಈ ಕಡೆ. ಕೂದಲು ಟೋಪಿಯೊಳಗೆ. ಹಿಡಿಕೆ ತಿರುಗಿಸ್ತಿತ್ತು. ನೀಲಿ ಕೋಟು ಹಾಕೋರು ಇಬ್ಬರೇ ಮೇಡಮ್. ಒಂದು ನಾನು ಹಾಕಿದ್ದೆ."

"ಆಮೇಲೆ?"

"ಆಮೇಲೆ ನೀರು. ನಾನು ದೋಣಿ ಕಡೆ ಓಡಿದೆ. ಮೇಷ್ಟ್ರ ಕೈ ಸಿಕ್ತು, ಹಿಡಿದೂ ಹಿಡಿದೆ." ಅವರು ತಮ್ಮ ದೊಡ್ಡ ಕೈಯನ್ನೇ ನೋಡಿಕೊಂಡರು. "ತಿರುಗಿ ನೋಡಿದಾಗ ಕೋಟು ಇರ್ಲಿಲ್ಲ. ಹೆದರಿ ಓಡಿಹೋಗಿದ್ದಾಳೆ ಅಂದ್ಕೊಂಡೆ. ಬೇಕಂತ ಮಾಡಿರಲ್ಲ. ನನಗೆ ಸಹಾಯ ಮಾಡಕ್ಕೆ ಬಂದು ಕೈ ತಪ್ಪಿರುತ್ತೆ. ನಾನು ಈ ವರ್ಷ ರಿಟೈರು. ಅವಳನ್ನ ಈ ಕೆಲಸಕ್ಕೆ ತಗೋಬೇಕು, ಈ ಬಾಗಿಲು ಇನ್ನೂ ನೂರು ವರ್ಷ ಗಟ್ಟಿ ಅಂತ ಬರೆಯಕ್ಕೇ ಮೇಷ್ಟ್ರು ಆವತ್ತು ಬಂದಿದ್ದು. ಒಬ್ಬರ ಸಾವಿಗೆ ಕಾರಣ ಆದೋಳು ಅಂದ್ರೆ ಈ ನದೀಲಿ ಯಾರು ಅವಳ ಕೈಗೆ ದೋಣಿ ಕೊಡ್ತಾರೆ? ನನ್ನ ಹೆಸರು ಹೇಗೂ ಹಳೇದು. ಹೋದ್ರೆ ಹೋಗ್ಲಿ."

"ಅಪ್ಪ."

ಕರೆಯುವ ಮುಂಚೆಯೇ ಚಿಕ್ಕಬಾಗಿಲು ಒಳಗೆ ಬಂದಿದ್ದಳು. ಅವಳು ಅಳುತ್ತಾಳೆ ಎಂದುಕೊಂಡಿದ್ದ ಇನ್‌ಸ್ಪೆಕ್ಟರಮ್ಮನ ಎಣಿಕೆ ತಪ್ಪಾಯಿತು. ಹುಡುಗಿ ಕೋಪದಲ್ಲಿ ಕುದಿಯುತ್ತಿದ್ದಳು.

"ನಾನು ಅಷ್ಟು ದೂರದಲ್ಲಿದ್ದೆ, ಒಂಬತ್ತು ಜನ ಸಾಕ್ಷಿ. ಅದು ಬಿಡಿ, ನಿಮಗೆ ಗೊತ್ತಿರ್ಲಿಲ್ಲ. ಆದ್ರೆ ನಾನು ಒಂದೇ ಸಲಕ್ಕೆ ಪೂರ್ತಿ ಎತ್ತುತ್ತೀನಾ? ನೀವು ಕಲಿಸಿದ ಕೈ ಇದು. ಹತ್ತು ವರ್ಷದೋಳಿದ್ದಾಗಿಂದ. ಮೂರಕ್ಕೆ ನಿಲ್ಲಿಸದೆ ಒಂದು ದಿನ, ಒಂದೇ ಒಂದು ದಿನ ಎತ್ತಿದ್ದು ನೋಡಿದ್ದೀರಾ?"

ಬಾಗಿಲಯ್ಯನವರು ಹಗ್ಗ ಪಕ್ಕಕ್ಕಿಟ್ಟರು.

"ಕೊಲೆಗಾರ್ತಿ ಅಂದಿದ್ರೂ ಸಹಿಸ್ಕೊಳ್ತಿದ್ದೆ," ಎಂದಳು ಮಗಳು. "ಕೆಲಸ ಗೊತ್ತಿಲ್ಲದೋಳು ಅಂದ್ಕೊಂಡ್ರಲ್ಲ."

ಇನ್‌ಸ್ಪೆಕ್ಟರಮ್ಮ ನಗು ತಡೆದುಕೊಳ್ಳಲು ಮೂಗು ಉಜ್ಜಿಕೊಂಡಳು. ಆಮೇಲೆ ಮುದುಕರ ಕಡೆ ಬಾಗಿದಳು. "ಅಯ್ಯ, ಕಣ್ಣು ನೋಡಿದ್ದು ಬಿಡಿ. ಕಣ್ಣಿಗೆ ಕಂಡಿದ್ದು ಬರೀ ಕೋಟು. ಕಿವಿ ಏನು ಕೇಳಿಸ್ಕೊಳ್ತು ಹೇಳಿ."

ಬಾಗಿಲಯ್ಯ ಕಣ್ಣು ಮುಚ್ಚಿದರು. ಬಲಗೈ ಮಂಡಿಯ ಮೇಲೆ ತಾನಾಗಿ ತಾಳ ಹಾಕತೊಡಗಿತು. ಟಕ್ ಟಕ್ ಟಕ್ ಟಕ್ ಟಕ್ ಟಕ್. ನಡುವೆ ಎಲ್ಲೂ ಬಿಡುವಿಲ್ಲ. ಹನ್ನೊಂದನೆಯದಕ್ಕೆ ಕೈ ನಿಂತಿತು. ಕಣ್ಣು ಬಿಟ್ಟಾಗ ಅವು ಒದ್ದೆಯಾಗಿದ್ದವು.

"ಹನ್ನೊಂದು," ಎಂದರು. "ಒಂದೇ ಉಸಿರಿಗೆ. ನಾಲ್ಕು ದಿನದಿಂದ ಇದೇ ಸದ್ದು ಕಿವೀಲಿದೆ, ಆದರೂ ಕೇಳಿಸ್ಕೊಳ್ಳಲೇ ಇಲ್ಲ." ಮಗಳ ಕಡೆ ತಿರುಗಿದರು. "ನಿನ್ನ ಕೈ ಅಲ್ಲ ಅದು. ನಮ್ಮ ಮನೆಯ ಕೈಯೇ ಅಲ್ಲ."

ಮಗಳು ಹತ್ತಿರ ಬಂದಳು. ತನ್ನ ನೀಲಿ ಕೋಟು ಕಳಚಿ, ಅಪ್ಪನ ಬೋಳು ಭುಜದ ಮೇಲೆ ಹೊದಿಸಿ, ಗುಂಡಿ ಹಾಕಿದಳು. ಬಿಗಿಯಾಗಿತ್ತು. ಆದರೂ ಅವರು ಬೆನ್ನು ನೆಟ್ಟಗೆ ಮಾಡಿ ಕೂತರು. ಸಣ್ಣ ಆಳಿಗೆ ಒಮ್ಮೆಲೇ ತೂಕ ಬಂದಂತಾಯಿತು.

"ಆ ಸಹಿ ವಾಪಸ್ ಬೇಕು ಮೇಡಮ್," ಎಂದರು. "ತಪ್ಪು ನನ್ನದಲ್ಲ. ಈ ಬಾಗಿಲಿನದ್ದೂ ಅಲ್ಲ."

"ಅದಕ್ಕೇ ಬಂದಿದ್ದೀನಿ. ಇನ್ನೊಂದು ಪ್ರಶ್ನೆ. ಅಪಘಾತ ಆದಮೇಲೆ ಎಡಗಿಂಡಿಯ ಹಲಗೆ ಯಾರು ಇಳಿಸಿದ್ರು?"

"ಯಾರೂ ಇಲ್ಲ. ಪೊಲೀಸ್ ಬಂದು ಏನೂ ಮುಟ್ಟಬೇಡಿ ಅಂದ್ರಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ನನ್ನ ಸ್ಟೇಷನ್‌ಗೆ ಕರ್ಕೊಂಡು ಹೋದ್ರು, ಆಗಲೂ ಮೇಲೇ ಇತ್ತು."

"ಮೇಲೆ? ಕೊಕ್ಕೆ ಹಿಡಿದಿತ್ತಾ?"

"ಹಿಡಿದಿರಲೇಬೇಕು. ಇಲ್ಲದಿದ್ರೆ ಬಿದ್ದಿರೋದು."

ಇನ್‌ಸ್ಪೆಕ್ಟರಮ್ಮ ಎದ್ದು ನಿಂತಳು. ಕೊಕ್ಕೆ ಹಿಡಿದಿತ್ತು ಎಂದರೆ ಕೀಲು ಸರಿಯಾಗಿತ್ತು. ಮೇಷ್ಟ್ರು ಸತ್ತಾಗಲೂ ಸರಿಯಾಗಿತ್ತು, ಆಮೇಲೆ ಎರಡು ಗಂಟೆಯೂ ಸರಿಯಾಗಿತ್ತು. ಮರುದಿನ ಬೆಳಗ್ಗೆ ಎಂಜಿನಿಯರು ನೋಡುವಾಗ ಹಲಗೆ ಬಿದ್ದಿತ್ತು, ಕೀಲು ಎರಡು ತುಂಡಾಗಿತ್ತು. ಸವೆತ ಎಂದು ತೋರಿಸಲು ಯಾರೋ ಆಮೇಲೆ ಬಂದು ಕುಯ್ದಿದ್ದರು.

ಆದರೆ ಹತ್ತೂವರೆಯಿಂದಲೇ ಜೋಡಿಬಾಗಿಲಿಗೆ ಪೊಲೀಸ್ ಕಾವಲಿತ್ತು. ಹಾಕಿಸಿದ್ದು ಆಕೆಯೇ.

*

ಕಾವಲಿನವನು ಕೂರುತ್ತಿದ್ದದ್ದು ಬಾಗಿಲ ಪಕ್ಕದ ಪುಟ್ಟ ಪ್ರದರ್ಶನದ ಕೋಣೆಯಲ್ಲಿ. ಗೋಡೆಯ ಮೇಲೆ ಹಳೆಯ ನಕ್ಷೆಗಳು, ನಡುವೆ ಗಾಜಿನ ಪೆಟ್ಟಿಗೆ, ಅದರೊಳಗೆ ಬಾಗಿಲಯ್ಯನವರ ತಾತನ ನೀಲಿ ಕೋಟು. ಕೋಟನ್ನು ಕಂಡ ಚಿಕ್ಕಬಾಗಿಲು ಅಲ್ಲೇ ನಿಂತಳು.

"ಇದನ್ನ ನಾನು ಮರೆತೇಬಿಟ್ಟಿದ್ದೆ. ಐವತ್ತು ವರ್ಷದಿಂದ ಯಾರೂ ಹಾಕಿಲ್ಲ."

ಉದ್ದಣ್ಣ ಪೆಟ್ಟಿಗೆಯ ಮುಚ್ಚಳ ಎತ್ತಿದ. ಬೀಗವಿರಲಿಲ್ಲ. ಇನ್‌ಸ್ಪೆಕ್ಟರಮ್ಮ ಕೋಟಿನ ಬಲತೋಳನ್ನು ಮೂಗಿನ ಹತ್ತಿರ ತಂದಳು. ಅಂಚಿನಲ್ಲಿ ಹಿಡಿಕೆಯ ಕಪ್ಪು ಗ್ರೀಸು, ಇನ್ನೂ ಜಿಡ್ಡುಜಿಡ್ಡಾಗಿ ಬೆರಳಿಗೆ ಅಂಟಿತು.

"ಐವತ್ತು ವರ್ಷ ಅಲ್ಲ," ಎಂದಳು. "ನಾಲ್ಕು ದಿನ. ಉದ್ದಣ್ಣ, ಕಾವಲಿನ ಪುಸ್ತಕ ಕೊಡು."

ಅಂದು ಹಗಲು ಕಾವಲಿಗೆ ಪಕ್ಕದ ಠಾಣೆಯಿಂದ ಒಬ್ಬ ಹೊಸ ಕಾನ್‌ಸ್ಟೇಬಲ್ ಬಂದಿದ್ದ. ಕೆಲಸಕ್ಕೆ ಸೇರಿ ಒಂದು ವಾರ. ಪಾಪ, ಪುಸ್ತಕವನ್ನು ಬಲು ಶ್ರದ್ಧೆಯಿಂದ ಬರೆದಿದ್ದ. ಹಗ್ಗ ದಾಟಿ ಒಳಗೆ ಹೋದವರು ನಾಲ್ಕೇ ಜನ. ಹನ್ನೊಂದಕ್ಕೆ ಫೋಟೋಗ್ರಾಫರು. ಹನ್ನೊಂದೂವರೆಗೆ ಡಾಕ್ಟರು. ಹನ್ನೆರಡಕ್ಕೆ ಬಾಗಿಲಯ್ಯನವರನ್ನು ಕರೆದೊಯ್ದ ಜೀಪಿನ ಡ್ರೈವರು.

ನಾಲ್ಕನೆಯ ಸಾಲಿನ ಮೇಲೆ ಇನ್‌ಸ್ಪೆಕ್ಟರಮ್ಮನ ಬೆರಳು ನಿಂತಿತು.

'ಮೂರು ನಲವತ್ತು. ಇನ್‌ಸ್ಪೆಕ್ಟರ್ ಮೇಡಮ್, ಪರಿಶೀಲನೆಗೆ.' ಪಕ್ಕದಲ್ಲಿ ಆಕೆಯ ಸಹಿ.

ಉದ್ದಣ್ಣ ಭುಜದ ಮೇಲಿಂದ ಬಗ್ಗಿ ನೋಡಿದ. ಮತ್ತೊಮ್ಮೆ ನೋಡಿದ. "ಮೇಡಮ್, ಮೂರು ನಲವತ್ತಕ್ಕೆ ನೀವು ಮೇಷ್ಟ್ರ ಹೆಣದ ಜೊತೆ ಆಸ್ಪತ್ರೇಲಿದ್ರಿ. ನಾನು ಪಕ್ಕದಲ್ಲೇ ಇದ್ದೆ. ಐದರ ತನಕ ಅಲ್ಲಿಂದ ಅಲ್ಲಾಡಿಲ್ಲ."

"ಆ ಹುಡುಗನಿಗೆ ಫೋನ್ ಮಾಡು."

ಫೋನಿನಲ್ಲಿ ಹೊಸ ಕಾನ್‌ಸ್ಟೇಬಲ್ಲನ ದನಿಯಲ್ಲಿ ಗಾಬರಿಯಿತ್ತು. ಹೌದು ಮೇಡಮ್, ಖಾಕಿ ಹಾಕಿದ್ರು, ಟೋಪಿ ಇತ್ತು, ನಿಮ್ಮ ಹೆಸರೇ ಹೇಳಿದ್ರು. ನಾನು ಅದಕ್ಕೆ ಮುಂಚೆ ನಿಮ್ಮನ್ನ ನೋಡಿರ್ಲಿಲ್ಲ. ಸಲ್ಯೂಟ್ ಹೊಡೆದೆ. ಒಳಗೆ ಹತ್ತು ನಿಮಿಷ ಇದ್ರು. ಏನೋ ಬಿದ್ದಂಗೆ ದಡ್ ಅಂತ ಸದ್ದಾಯ್ತು. ಓಡಿಹೋದೆ. ಏನಿಲ್ಲ, ಪರೀಕ್ಷೆ ಮಾಡ್ತಿದ್ದೀನಿ ಅಂದ್ರು. ಹೋಗುವಾಗ ಪುಸ್ತಕ ಚೆನ್ನಾಗಿ ಬರೀತೀಯ ಅಂತ ಬೆನ್ನು ತಟ್ಟಿದ್ರು.

ಇನ್‌ಸ್ಪೆಕ್ಟರಮ್ಮ ಫೋನಿಟ್ಟು, ಪೆನ್ನು ತೆಗೆದು, ಆ ಸಹಿಯ ಕೆಳಗೆ ತನ್ನ ಸಹಿ ಹಾಕಿದಳು. ಪುಸ್ತಕವನ್ನು ಉದ್ದಣ್ಣನ ಕಡೆ ತಿರುಗಿಸಿದಳು.

ಅವನು ಹನ್ನೊಂದು ವರ್ಷದಿಂದ ಆ ಸಹಿಯನ್ನು ದಿನಕ್ಕೆ ಹತ್ತು ಸಲ ನೋಡುತ್ತಿದ್ದವನು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. "ಎರಡೂ ನಿಮ್ಮದೇ ಮೇಡಮ್," ಎಂದ, ಸೋತವನಂತೆ. "ಕೆಳಗಿನ ಗೆರೆ ಕೂಡ. ಎಲ್ಲರೂ ಎಡದಿಂದ ಎಳೀತಾರೆ, ನೀವು ಬಲದಿಂದ ಎಳೀತೀರಿ. ಇದರಲ್ಲೂ ಹಂಗೇ ಇದೆ."

ಆಕೆ ಕಿಟಕಿಯಾಚೆ ನೋಡುತ್ತ ನಿಂತಳು. ತೊಟ್ಟಿಯ ಅಂಚಿನಲ್ಲಿ ಬಾಗಿಲಯ್ಯನವರು ಮಗಳ ಬಿಗಿ ಕೋಟಿನಲ್ಲೇ ನಿಂತು ಎಂಜಿನಿಯರಿಗೆ ಏನನ್ನೋ ವಿವರಿಸುತ್ತಿದ್ದರು. ಎಂಜಿನಿಯರು ಫೈಲು ನೆಲದ ಮೇಲಿಟ್ಟು ಕೈಕಟ್ಟಿ ಕೇಳುತ್ತಿದ್ದರು. ಹಗ್ಗದಾಚೆಯ ಗುಂಪು ಎರಡರಷ್ಟಾಗಿತ್ತು. ಯಾರೂ ಮನೆಗೆ ಹೋಗುವ ಲಕ್ಷಣವಿರಲಿಲ್ಲ.

ಆ ಮುದುಕರು ತಮ್ಮವಳನ್ನು ಉಳಿಸಲು ನೂರಾ ಹತ್ತು ವರ್ಷದ ಹೆಸರನ್ನು ನೀರಿಗೆ ಎಸೆದಿದ್ದರು. ಎಸೆಯುವ ಮೊದಲು ಒಂದು ಮಾತು ಕೇಳಿದ್ದರೆ ಸಾಕಿತ್ತು.

"ಉದ್ದಣ್ಣ, ಕೇಸ್ ಡೈರಿ ತೆಗಿ."

ಅವನು ತೆಗೆದ.

"ಶಂಕಿತರ ಪಟ್ಟೀಲಿ ಒಬ್ಬಳನ್ನ ಸೇರಿಸ್ಕೋ. ಹೆಂಗಸು, ನಲವತ್ತೊಂಬತ್ತು ವರ್ಷ. ಹಿಂದೆ ನಮ್ಮ ಇಲಾಖೇಲೇ ಇದ್ದೋಳು, ಹನ್ನೆರಡು ವರ್ಷದ ಹಿಂದೆ ಕೆಲಸ ಬಿಟ್ಟಳು. ಖಾಕಿ ವಾಪಸ್ ಕೊಟ್ಟ ದಾಖಲೆ ಇಲ್ಲ. ಸ್ಕೂಲಲ್ಲಿದ್ದಾಗ ನನ್ನ ರಜಾಚೀಟಿಗೆಲ್ಲ ನನಗಿಂತ ಚೆನ್ನಾಗಿ ನನ್ನ ಸಹಿ ಹಾಕ್ತಿದ್ದೋಳು. ಗೆರೆ ಬಲದಿಂದ ಎಳೆಯೋದು ನನಗೆ ಕಲಿಸಿದ್ದೂ ಅವಳೇ. ಕಿಂಡಿ ಎತ್ತಿದ್ದೂ ಅವಳೇನಾ, ಯಾಕೆ ಅನ್ನೋದನ್ನ ಅವಳನ್ನೇ ಕೇಳ್ಬೇಕು."

ಉದ್ದಣ್ಣನ ಪೆನ್ನು ಕಾಗದದ ಮೇಲೆ ನಿಂತಿತು. "ನಿಮಗೆ ಏನಾಗಬೇಕು ಅಂತ ಬರೀಲಿ ಮೇಡಮ್?"

"ಇದ್ದಿದ್ದನ್ನೇ ಬರಿ," ಎಂದಳು ಇನ್‌ಸ್ಪೆಕ್ಟರಮ್ಮ. ದನಿ ಅಲುಗಲಿಲ್ಲ. "ಒಡಹುಟ್ಟಿದ ಅಕ್ಕ."